ಗಾಬರಿಯಲ್ಲಿ ಎಡವಿದವ್ರನ್ನ ದಡ್ಡರು ಅನ್ಬೇಡಿ

ಮಾನ್ಯ ಸಂಪಾದಕರೇ,

ಎಲ್ಲಾದ್ರೂ ಬೆಂಕಿ ಬಿದ್ದು ಜನ ಒಳಗೇ ಸಿಕ್ಕಿಹಾಕ್ಕೊಂಡ್ರು ಅಂತ ಸುದ್ದಿ ಬಂದಾಗ್ಲೆಲ್ಲ ಒಂದು ಮಾತು ಕೇಳ್ತೀನಿ, "ಪಕ್ಕದಲ್ಲೇ ಬಾಗಿಲಿತ್ತಲ್ಲ, ಅಷ್ಟೂ ಗೊತ್ತಾಗ್ಲಿಲ್ವಾ" ಅಂತ. ಕೇಳಿದ್ರೆ ಸಂಕಟ ಆಗುತ್ತೆ, ಯಾಕಂದ್ರೆ ಒಂದ್ಸಲ ಹೊಗೆ ತುಂಬಿದ ಕಟ್ಟಡದಲ್ಲಿ ನಾನೂ ಹತ್ತು ಹೆಜ್ಜೆ ದೂರದಲ್ಲಿದ್ದ ಎಮರ್ಜೆನ್ಸಿ ಬಾಗಿಲು ಬಿಟ್ಟು ಒಳಗೆ ಬಂದ ದಾರಿ ಕಡೆಗೇ ವಾಪಸ್ ಓಡಿದ್ದೆ. ಆ ಬಾಗಿಲಿನ ಬೋರ್ಡ್ ದಿನಾ ನೋಡ್ತಿದ್ದೆ, ಆ ಹೊತ್ತಿಗೆ ನೆನಪೇ ಆಗ್ಲಿಲ್ಲ.

ಇಂಥ ಗಾಬರೀನ ಈಗ ವರ್ಚುವಲ್ ರಿಯಾಲಿಟೀಲಿ, ಅಂದ್ರೆ ಕಂಪ್ಯೂಟರ್ ತೋರಿಸೋ ನಕಲಿ ಜಗತ್ತಲ್ಲಿ, ಸ್ಟಡಿ ಮಾಡ್ತಾರೆ. ನಿಜವಾಗಿ ಬೆಂಕಿ ಹಚ್ಚಿ ಜನರನ್ನ ಪರೀಕ್ಷೆ ಮಾಡೋಕಾಗಲ್ವಲ್ಲ, ಅದಕ್ಕೆ ಕಣ್ಣಿಗೆ ಹೆಡ್‌ಸೆಟ್ ಹಾಕ್ಸಿ ಹೊಗೆ, ಅಲಾರಂ ಎಲ್ಲಾ ತೋರಿಸಿ ಯಾವ ಕಡೆ ಹೋಗ್ತಾರೆ ಅಂತ ನೋಡೋದು. ಸುಳ್ಳು ಅಂತ ಗೊತ್ತಿದ್ರೆ ಭಯ ಎಲ್ಲಿಂದ ಬರ್ಬೇಕು ಅಂತ ನಂಗೂ ಅನ್ನಿಸಿತ್ತು. ಆದ್ರೆ 2002ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ಸಂಶೋಧಕರು ಜನರನ್ನ ವರ್ಚುವಲ್ ಗುಂಡಿಯ ಅಂಚಲ್ಲಿ ನಿಲ್ಲಿಸಿದಾಗ ಎದೆಬಡಿತ ನಿಜವಾಗ್ಲೂ ಏರಿತ್ತು, 2006ರಲ್ಲಿ ಮೆಲ್ ಸ್ಲೇಟರ್ ಅನ್ನೋ ಸಂಶೋಧಕರ ತಂಡ ಕಂಪ್ಯೂಟರ್‌ನಲ್ಲಿ ಮಾಡಿದ ಹೆಂಗಸಿಗೆ ಕರೆಂಟ್ ಶಾಕ್ ಕೊಡಿ ಅಂದಾಗ, ಅವಳು ಬರೀ ಚಿತ್ರ ಅಂತ ಗೊತ್ತಿದ್ರೂ ಕೆಲವರು ಪ್ರಯೋಗ ಅರ್ಧಕ್ಕೇ ಬಿಟ್ಟು ಎದ್ದುಬಿಟ್ರು. ತಲೆಗೆ ಗೊತ್ತಿದ್ರೂ ಮೈ ನಂಬಲ್ಲ. ಕೆಲವರಿಗೆ ಹೆಡ್‌ಸೆಟ್ ಹಾಕಿದ್ರೆ ತಲೆ ಸುತ್ತುತ್ತೆ, ಅದೊಂದು ತೊಂದ್ರೆ ಇದೆ ನಿಜ.

ಮೈಯೊಳಗೆ ಏನಾಗುತ್ತೆ ಅಂದ್ರೆ, ಗಾಬರಿ ಆದಾಗ ಮೈ ಬಿಡೋ ಅಡ್ರಿನಲಿನ್ ಅನ್ನೋ ಹಾರ್ಮೋನ್ ಸೆಕೆಂಡುಗಳಲ್ಲೇ ಏರುತ್ತೆ. ಮೊದಲಿನ ಆ ಕೆಲವೇ ಕ್ಷಣದಲ್ಲಿ ಯೋಚನೆ ಮಾಡಿ ತೂಗಿನೋಡೋ ಮಿದುಳಿನ ಮುಂಭಾಗದ ಹಿಡಿತ ಸಡಿಲ ಆಗಿ ಅಭ್ಯಾಸದ್ದೇ ಕಾರುಬಾರು. ನಾನು ಗೊತ್ತಿದ್ದ ದಾರಿಗೇ ಓಡಿದ್ದು ಅದಕ್ಕೇ. ದಡ್ಡತನ ಅಲ್ಲ ಸಾರ್ ಅದು.

ಹಾಗಾಗಿ ವರ್ಷಕ್ಕೊಂದು ಭಾಷಣ, ಗೋಡೆಗೊಂದು ಪೋಸ್ಟರ್ ಸಾಲಲ್ಲ. ಅಭ್ಯಾಸವೇ ಕೆಲಸ ಮಾಡೋದಾದ್ರೆ ಎಮರ್ಜೆನ್ಸಿ ಬಾಗಿಲನ್ನ ಮಾಮೂಲಿ ದಿನಗಳಲ್ಲೂ ಓಡಾಡೋಕೆ ತೆರೆದಿಡಿ, ಕಾಲಿಗೆ ದಾರಿ ಗೊತ್ತಾಗ್ಲಿ, ಆಗೋದಾದ್ರೆ ಹೆಡ್‌ಸೆಟ್‌ನಲ್ಲಿ ಹೊಗೆಯ ನಡುವೆ ನಾಲ್ಕು ಸಲ ಓಡಿಸಿ. ನಿಮ್ಮ ವರದಿಗಾರರಿಗೂ ಒಂದು ವಿನಂತಿ, ಮುಂದಿನ ಸಲ "ಗಾಬರಿಯಲ್ಲಿ ತಪ್ಪು ದಾರಿ ಹಿಡಿದರು" ಅಂತ ಬರೆಯೋವಾಗ ಆ ಬಾಗಿಲು ಎಷ್ಟು ದಿನದಿಂದ ಮುಚ್ಚಿತ್ತು ಅಂತಾನೂ ಕೇಳಿ ಬರೀರಿ.

ಇಂತಿ,
ನಿಮ್ಮ ಓದುಗ