‘ಐ ಯಾಮ್ ಹ್ಯಾವಿಂಗ್ ಒನ್ ಸಿಸ್ಟರ್’

ಮ್ಯಾಂಚೆಸ್ಟರ್

ಚಿ. ಸುಮಾಳಿಗೆ ಅಕ್ಕ ಮಾಡುವ ಆಶೀರ್ವಾದಗಳು.

ಇಲ್ಲಿ ನಾನು ಕ್ಷೇಮ. ಅಪ್ಪ, ಅಮ್ಮ, ಅಜ್ಜಿ ಹೇಗಿದಾರೆ, ತಿಳಿಸು. ನೀನು ಕಳಿಸಿದ ವಾಯ್ಸ್ ನೋಟ್ ಡ್ಯೂಟಿ ಮುಗಿಸಿ ಬರುವಾಗ ಬಸ್ಸಲ್ಲಿ ಕೇಳಿದೆ. ಧೈರ್ಯವಾಗಿ ಮಾತಾಡಿದೀಯ, ಖುಷಿಯಾಯ್ತು. ಆದರೆ ‘ಐ ಯಾಮ್ ನೋಯಿಂಗ್’, ‘ಐ ಯಾಮ್ ವಾಂಟಿಂಗ್’, ಕೊನೆಗೆ ‘ಐ ಯಾಮ್ ಹ್ಯಾವಿಂಗ್ ಒನ್ ಸಿಸ್ಟರ್’! ಆ ಒನ್ ಸಿಸ್ಟರ್ ಸುಮ್ಮನಿರೋಕಾಗುತ್ತಾ? ಇಲ್ಲಿನ ನರ್ಸಿಂಗ್ ಕೌನ್ಸಿಲ್‌ಗೆ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ರೈಟಿಂಗ್‌ನಲ್ಲಿ 6.5 ಸಾಕು, ಆದರೆ ಸ್ಪೀಕಿಂಗ್‌ನಲ್ಲಿ 7 ಬೇಕೇ ಬೇಕು.

ಕೋಚಿಂಗ್‌ನವರು ಸ್ಟೇಟಿವ್ ವರ್ಬ್, ಅಂದ್ರೆ ಕೆಲಸವಲ್ಲದೆ ಸ್ಥಿತಿ ಹೇಳೋ, ಸಾಮಾನ್ಯವಾಗಿ ಇಂಗ್ ಸೇರಿಸದ ಕ್ರಿಯಾಪದಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿ ಅಂದಿರ್ತಾರೆ. ಅದನ್ನ ಪಕ್ಕಕ್ಕಿಡು. ಗೊತ್ತು, ಬೇಕು, ಇಷ್ಟ, ಇವಕ್ಕೆ ಕನ್ನಡದಲ್ಲೇ ‘ತಾ ಇದೆ’ ಹಚ್ಚಿ ನೋಡು. ಅಜ್ಜಿ ಯಾವತ್ತಾದ್ರೂ ‘ನಂಗೆ ಕಾಫಿ ಬೇಕಾಗ್ತಾ ಇದೆ ಕಣೇ’ ಅಂದಿದಾರಾ? ‘ಕಾಫಿ ಬೇಕು’, ಅಷ್ಟೇ. ಇಂಗ್ಲಿಷಲ್ಲೂ ಐ ವಾಂಟ್, ಐ ನೋ, ಐ ಲೈಕ್. ಅಕ್ಕ ಇದಾಳೆ ಅನ್ನೋಕೆ ಐ ಹ್ಯಾವ್. ಊಟ ಮಾಡ್ತಾ ಇದ್ದರೆ ಮಾತ್ರ ಐ ಯಾಮ್ ಹ್ಯಾವಿಂಗ್ ಲಂಚ್. ಅಲ್ಲಿ ಕೈ ಬಾಯಿ ಎರಡೂ ಆಡ್ತಾ ಇರುತ್ತಲ್ಲ.

ಈ ಉಪಾಯ ಕೈಕೊಡೋ ಜಾಗವೂ ಇದೆ. ಫೋನಲ್ಲಿ ನಾವು ‘ಕೇಳಿಸ್ತಾ ಇದೆಯಾ?’ ಅಂತೀವಿ. ಇಂಗ್ಲಿಷಲ್ಲಿ ‘ಆರ್ ಯು ಹಿಯರಿಂಗ್ ಮಿ’ ಅಲ್ಲ, ‘ಕ್ಯಾನ್ ಯು ಹಿಯರ್ ಮಿ’. ‘ಕಾಣಿಸ್ತಾ ಇದೆ’ ಅನ್ನೋದೂ ಹಾಗೇ, ‘ಐ ಕ್ಯಾನ್ ಸೀ ಇಟ್’.

ಮೆಕ್‌ಡೊನಾಲ್ಡ್ಸ್‌ನವರು 2003ರಿಂದ ‘ಐಯಾಮ್ ಲವಿಂಗ್ ಇಟ್’ ಅಂತಿದಾರಲ್ಲಕ್ಕಾ ಅಂತ ನೀನು ವಾದಕ್ಕೆ ನಿಲ್ತೀಯ, ಗೊತ್ತು. ಹೌದು, ಇಲ್ಲಿನವರೂ ಮಾತಲ್ಲಿ ಲವಿಂಗ್ ಅಂತಾರೆ, ಈಗ ಈ ಹೊತ್ತಿನ ಖುಷಿ ಹೇಳೋಕೆ. ನೋಯಿಂಗ್ ಅನ್ನೋರು ನಂಗಂತೂ ಸಿಕ್ಕಿಲ್ಲ.

ನಂಗೆ ಮಜಾ ಅನ್ಸೋದು ವಾರ್ಡಿನ ಮಾತು. ಶಿಫ್ಟ್ ಬದಲಾಗುವಾಗ ಪೇಷೆಂಟ್‌ಗಳ ವಿಷಯ ಒಪ್ಪಿಸೋ ಹ್ಯಾಂಡೋವರ್‌ನಲ್ಲಿ ‘ಹಿ ಈಸ್ ಡಿಫಿಕಲ್ಟ್’ ಅಂದ್ರೆ ಆ ಪೇಷೆಂಟ್ ಸ್ವಭಾವವೇ ಅಷ್ಟು. ‘ಹಿ ಈಸ್ ಬೀಯಿಂಗ್ ಡಿಫಿಕಲ್ಟ್’ ಅಂದ್ರೆ ಇವತ್ತು ಯಾಕೋ ಹಟ ಮಾಡ್ತಿದಾರೆ, ನೋವಿದೆಯೋ ಏನೋ ವಿಚಾರಿಸು ಅಂತ. ಕಿಟಕಿ ಪಕ್ಕದ ಬೆಡ್ಡಿನ ತಾತ ನಿನ್ನೆ ‘ಯು ಆರ್ ಆಲ್ವೇಸ್ ಫರ್ಗೆಟಿಂಗ್ ಮೈ ಟೀ’ ಅಂದ್ರು. ಆಲ್ವೇಸ್ ಜೊತೆ ಇಂಗ್ ಸೇರಿತು ಅಂದ್ರೆ ಗೊಣಗಾಟ ಅಂತಲೇ ತಿಳ್ಕೋ. ಥೇಟ್ ಅಪ್ಪನ ‘ಯಾವಾಗ್ಲೂ ಫ್ಯಾನ್ ಆರಿಸ್ದೇ ಹೋಗ್ತೀರಲ್ಲ’ ರಾಗ. ಟೀ ತಂದುಕೊಟ್ಟೆ, ಸಕ್ಕರೆ ಕಮ್ಮಿ ಅಂದ್ರು.

ಇನ್ನೊಂದು ವಿಷಯ, ಅಮ್ಮನಿಗೆ ನೀನೇ ಹೇಳು: ಸಂಕ್ರಾಂತಿಗೆ ಊರಿಗೆ ಬರ್ತಾ ಇದೀನಿ, ಟಿಕೆಟ್ ಆಗಿದೆ. ಹೀಗೆ ಗಟ್ಟಿಯಾದ ಪ್ಲಾನಿಗೆ ಇಂಗ್ಲಿಷಲ್ಲೂ ‘ಐ ಯಾಮ್ ಕಮಿಂಗ್ ಹೋಮ್ ಇನ್ ಜನವರಿ’ ಅನ್ನಬಹುದು. ಅಷ್ಟರೊಳಗೆ, ಸ್ಪೀಕಿಂಗ್ ಪರೀಕ್ಷೇಲಿ ವಿಷಯ ಬರೆದು ಕೊಡ್ತಾರಲ್ಲ, ಅಂಥ ಕ್ಯೂ ಕಾರ್ಡ್ ಇಟ್ಕೊಂಡು ಎರಡು ನಿಮಿಷ ಮಾತಾಡಿ ಕಳಿಸು. ಅಪ್ಪ ಬಿಪಿ ಮಾತ್ರೆ ತಗೊಳ್ತಿದಾರಾ, ಅದನ್ನೂ ಬರಿ.

ಇಂತಿ ನಿನ್ನ ಅಕ್ಕ