ಮಗು ಕಳೆದುಕೊಂಡವರಿಗೆ ಎರಡನೇ ವಾರ ಒಂದು ಫೋನ್ ಬರಲಿ

ಸಂಪಾದಕರಿಗೆ ನಮಸ್ಕಾರ,

ಎರಡು ವರ್ಷದ ಹಿಂದೆ, ಐದು ತಿಂಗಳಾಗಿದ್ದಾಗ ನನ್ನ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ಡಿಸ್ಚಾರ್ಜ್ ಮಾಡುವಾಗ ಮಾತ್ರೆ ಚೀಟಿ ಕೊಟ್ಟರು. ಜ್ವರ ಬಂದರೆ, ಬ್ಲೀಡಿಂಗ್ ಜಾಸ್ತಿಯಾದರೆ ಬನ್ನಿ ಎಂದರು. ಅಷ್ಟೇ. ಮೂರನೇ ದಿನ ಬೆಳಗ್ಗೆ ಎದ್ದರೆ ಎದೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು, ನೈಟಿ ಒದ್ದೆಯಾಗಿತ್ತು. ಹಾಲು ಅಂತ ತಿಳಿಯಲು ಸ್ವಲ್ಪ ಹೊತ್ತೇ ಬೇಕಾಯಿತು. ತಿಳಿದ ಮೇಲೆ ಬಚ್ಚಲುಮನೆ ಬಾಗಿಲು ಹಾಕಿಕೊಂಡು ಕೂತವಳನ್ನು ಎಬ್ಬಿಸಲು ನನ್ನ ಗಂಡನಿಗೆ ಆಗಲಿಲ್ಲ, ಅವರೂ ಬಾಗಿಲ ಆಚೆ ನೆಲದ ಮೇಲೆ ಕೂತುಬಿಟ್ಟರು.

ಇಷ್ಟು ತಿಂಗಳಾದ ಮೇಲೆ ಮಗು ಹೋದರೆ ಹಾಲು ಬರುವುದು ಸಹಜವಂತೆ. ಹಿಂಡಿ ಖಾಲಿ ಮಾಡಬೇಡಿ, ಎದೆಗೆ ಆಧಾರ ಕೊಡುವ ಬ್ರಾ ಹಾಕಿಕೊಳ್ಳಿ, ತಣ್ಣನೆ ಬಟ್ಟೆ ಇಡಿ, ತಡೆಯಲು ಮಾತ್ರೆಯೂ ಇದೆ ಅಂತ ಹೇಳಲು ಎಷ್ಟು ಹೊತ್ತು ಬೇಕು? ಒಂದು ನಿಮಿಷ ಸಾಲದಾ?

ಹತ್ತು ದಿನದ ನಂತರ ಅದೇ ಆಸ್ಪತ್ರೆಯಿಂದ ಮೆಸೇಜ್ ಬಂತು. ಮುಂದಿನ ಸ್ಕ್ಯಾನಿಂಗ್ ಮರೆಯಬೇಡಿ ಅಂತ. ನನ್ನ ನಂಬರ್ ಅವರ ಹತ್ತಿರ ಇತ್ತು ಅನ್ನುವುದೇ ನನಗೆ ಈಗಲೂ ತಡೆಯಲಾಗದ ಸಂಗತಿ.

ಇದು ನನ್ನೊಬ್ಬಳ ಕಥೆಯಲ್ಲ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 2.3 ಕೋಟಿ ಗರ್ಭಪಾತಗಳು ತಾವಾಗಿಯೇ ಆಗುತ್ತವೆ ಎಂದು 2021ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ಅಂದಾಜು ಮಾಡಿತ್ತು. 2020ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನವೊಂದರಲ್ಲಿ, ಮೊದಲ ತಿಂಗಳುಗಳಲ್ಲೇ ಗರ್ಭ ಕಳೆದುಕೊಂಡ ಹೆಂಗಸರಲ್ಲಿ ನೂರಕ್ಕೆ 29 ಮಂದಿಗೆ ಒಂದು ತಿಂಗಳಾದ ಮೇಲೂ ಆಘಾತದ ಲಕ್ಷಣಗಳಿದ್ದವು. ಅದೇ ದೃಶ್ಯ ಕಣ್ಮುಂದೆ ಬರುವುದು, ನಿದ್ದೆಯಲ್ಲಿ ಬೆಚ್ಚುವುದು, ಇಂಥವು. ಒಂಬತ್ತು ತಿಂಗಳಿಗೂ ನೂರಕ್ಕೆ 18 ಮಂದಿಗೆ ಬಿಟ್ಟಿರಲಿಲ್ಲ. 'ಚಿಕ್ಕ ವಯಸ್ಸು, ಇನ್ನೊಂದು ಆಗತ್ತೆ ಬಿಡು' ಅನ್ನುವವರು ಕೆಟ್ಟವರಲ್ಲ, ನನಗೆ ಗೊತ್ತು. ಆದರೆ ನಾನು ಅಳುತ್ತಿದ್ದುದು ಆ ಇನ್ನೊಂದಕ್ಕಲ್ಲ.

ತಪ್ಪು ನನ್ನದೇ ಅಂತ ತಿಂಗಳುಗಟ್ಟಲೆ ಕೊರಗಿದೆ. ಬಿಂದಿಗೆ ಎತ್ತಿದ್ದಕ್ಕಾ, ಮೆಟ್ಟಿಲು ಹತ್ತಿದ್ದಕ್ಕಾ? ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷ ಕಾರಣ, ತಾಯಿ ಮಾಡಿದ್ದಲ್ಲ. ನನ್ನಂತೆ ತಡವಾಗಿ ಕಳೆದುಕೊಂಡವರಿಗೂ ದಿನನಿತ್ಯದ ಕೆಲಸದಿಂದ ಹೀಗಾಗಲ್ಲ ಅನ್ನುವ ಮಾತನ್ನು ಡಾಕ್ಟರು ನಾವು ಕೇಳುವ ಮೊದಲೇ ಹೇಳಬೇಕು, ಯಾಕೆಂದರೆ ಕೇಳಲು ನಮಗೆ ಬಾಯೇ ಬರುವುದಿಲ್ಲ.

ಮಕ್ಕಳಾಗದೆ ಚಿಕಿತ್ಸೆ ತೆಗೆದುಕೊಳ್ಳುತ್ತಿರುವವರದ್ದೂ ಇದೇ ಪಾಡು. ಬದುಕಿನಲ್ಲಿ ಸುಮಾರು 6 ಜನರಲ್ಲಿ ಒಬ್ಬರಿಗೆ ಈ ತೊಂದರೆ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ನನ್ನ ಗೆಳತಿಗೆ ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ರಿಸಲ್ಟ್ ನೆಗೆಟಿವ್ ಅಂದವರು ಅದೇ ಉಸಿರಲ್ಲಿ ಮುಂದಿನ ಸುತ್ತಿನ ಚಿಕಿತ್ಸೆ ಯಾವಾಗ ಅಂತ ಕೇಳಿದರು.

ಆಸ್ಪತ್ರೆಗಳಲ್ಲಿ ನನ್ನ ವಿನಂತಿ ಇಷ್ಟೇ. ಮಗು ಹೋದ ದಿನವೇ ಕಂಪ್ಯೂಟರಿನಲ್ಲಿ ಮುಂದಿನ ಮೆಸೇಜುಗಳನ್ನೆಲ್ಲ ನಿಲ್ಲಿಸಿ. ಎರಡನೇ ವಾರ ಒಬ್ಬ ನರ್ಸ್ ಫೋನ್ ಮಾಡಲಿ. ನಿದ್ದೆ ಬರುತ್ತಿದೆಯಾ, ಎದೆನೋವು ಇಳಿಯಿತಾ, ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸುತ್ತಿದೆಯಾ ಅಂತ ಕೇಳಲಿ, ಬೇಕೆಂದರೆ ಆಪ್ತಸಮಾಲೋಚಕರ ನಂಬರ್ ಕೊಡಲಿ. ಆಮೇಲೆ ಫೋನನ್ನು ಗಂಡನ ಕೈಗೂ ಕೊಡಿ ಅನ್ನಲಿ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು