‘ಮರಕ್ಕೆ ನೇತುಹಾಕಿ’ ಎಂದರೆ ಸಾಲದು

ಮಾನ್ಯ ಸಂಪಾದಕರೇ,

ಅಮೆರಿಕದ ಕಾಡುಗಳಲ್ಲಿ ನಾಲ್ಕೈದು ದಿನದ ಚಾರಣಕ್ಕೆ ಹೊರಡುವವರಿಗೆ ‘ರಾತ್ರಿ ಆಹಾರದ ಚೀಲವನ್ನು ಮರಕ್ಕೆ ನೇತುಹಾಕಿ, ಕರಡಿಗೆ ಸಿಗುವುದಿಲ್ಲ’ ಎಂಬ ಸಲಹೆ ಎಲ್ಲ ಕಡೆಯಿಂದ ಬರುತ್ತದೆ. ಪ್ರವಾಸ ಲೇಖನಗಳೂ ಇಷ್ಟನ್ನೇ ಹೇಳಿ ಮುಂದೆ ಹೋಗುತ್ತವೆ. ಅರ್ಧ ಹೇಳಿದ ಈ ಮಾತಿನಿಂದ ಕೆಡುಕೇ ಹೆಚ್ಚು. ಕಪ್ಪು ಕರಡಿ ಮರ ಹತ್ತುವುದರಲ್ಲಿ ನಿಸ್ಸೀಮ. ಹಗ್ಗದ ತುದಿಯನ್ನು ಕಾಂಡಕ್ಕೆ ಬಿಗಿದಿದ್ದರೆ ಅದನ್ನೇ ಕಚ್ಚಿ ಕತ್ತರಿಸಿ ಚೀಲ ಕೆಡವುತ್ತದೆ. ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಂತೂ ಆಹಾರ ನೇತುಹಾಕುವುದಕ್ಕೇ ಅನುಮತಿಯಿಲ್ಲ. ಅಲ್ಲಿನ ಕಾಡಿನಲ್ಲಿ ರಾತ್ರಿ ತಂಗುವವರು ಬೇರ್ ಕ್ಯಾನಿಸ್ಟರ್ ಎಂಬ ಗಟ್ಟಿ ಡಬ್ಬಿ ಒಯ್ಯಲೇಬೇಕು.

ನೇತುಹಾಕಲು ಅವಕಾಶವಿರುವ ಕಡೆ ಅಳತೆ ತಪ್ಪಬಾರದು. ಚೀಲ ನೆಲದಿಂದ ಸುಮಾರು 4 ಮೀಟರ್ ಮೇಲೆ, ಕಾಂಡದಿಂದ 2 ಮೀಟರ್ ಆಚೆ, ಕೊಂಬೆಯಿಂದ 2 ಮೀಟರ್ ಕೆಳಗೆ ಇರಬೇಕು. ಅಂದರೆ 6 ಮೀಟರ್ ಎತ್ತರದಲ್ಲಿ ಚಾಚಿಕೊಂಡ ಕೊಂಬೆಯೂ 15 ಮೀಟರ್ ಹಗ್ಗವೂ ಬೇಕು. ಹಗ್ಗವನ್ನು ಕೊಂಬೆಯ ಮೇಲಿಂದ ದಾಟಿಸಿ, ಒಂದು ತುದಿಗೆ ಕ್ಯಾರಾಬೈನರ್ (ಬಾಯಿ ತೆರೆದು ಮುಚ್ಚುವ ಲೋಹದ ಕೊಕ್ಕೆ) ಕಟ್ಟಿ ಚೀಲ ಸಿಕ್ಕಿಸಿ. ಇನ್ನೊಂದು ತುದಿಯನ್ನು ಅದೇ ಕ್ಯಾರಾಬೈನರ್ ಒಳಗಿಂದ ತೂರಿಸಿ, ಚೀಲ ಕೊಂಬೆಗೆ ತಾಗುವವರೆಗೆ ಎಳೆಯಿರಿ. ಈಗ ಕೈ ಎಟುಕುವಷ್ಟು ಮೇಲೆ ಹಗ್ಗಕ್ಕೆ ಬೆರಳು ದಪ್ಪದ ಕಡ್ಡಿಯೊಂದನ್ನು ಬಿಗಿದು, ಹಗ್ಗವನ್ನು ನಿಧಾನವಾಗಿ ಸಡಿಲಬಿಡಿ. ಚೀಲ ಇಳಿಯುತ್ತ ಬಂದಂತೆ ಕಡ್ಡಿ ಮೇಲೇರಿ ಕ್ಯಾರಾಬೈನರ್‌ಗೆ ಅಡ್ಡವಾಗಿ ಸಿಕ್ಕಿಕೊಂಡು ನಿಲ್ಲುತ್ತದೆ. ಹಗ್ಗದ ತುದಿ ಸುಮ್ಮನೆ ಜೋತಾಡುತ್ತಿರುತ್ತದೆ. ಕಾಂಡಕ್ಕೆ ಏನನ್ನೂ ಕಟ್ಟಿಲ್ಲವಾದ್ದರಿಂದ ಕರಡಿಗೆ ಕಚ್ಚಲು ಗಂಟೇ ಇಲ್ಲ. ಆದರೆ ಇಂಥ ಕೊಂಬೆ ಎಲ್ಲಿದೆ? ಎತ್ತರದ ಬೆಟ್ಟಗಳ ಪೈನ್ ಮರಗಳ ಕೊಂಬೆಗಳು ಗಿಡ್ಡ, ಕೆಳಕ್ಕೆ ಬಾಗಿದವು. ಕತ್ತಲಾದ ಮೇಲೆ ಹುಡುಕಹೊರಟವರು ಸಿಕ್ಕ ಕೊಂಬೆಗೆ ತಲೆಯೆತ್ತರದಲ್ಲಿ ಕಟ್ಟಿ ಮಲಗುತ್ತಾರೆ.

ಹಾಗಾಗಿ ಡಬ್ಬಿಯೇ ಮೇಲು. ಒಂದು ಕಿಲೊಗಿಂತ ತುಸು ಹೆಚ್ಚು ತೂಗುವ 11 ಲೀಟರ್ ಡಬ್ಬಿಯಲ್ಲಿ ಅಚ್ಚುಕಟ್ಟಾಗಿ ತುಂಬಿದರೆ ಒಬ್ಬರ ಐದಾರು ದಿನದ ಒಣ ಆಹಾರ ಹಿಡಿಸುತ್ತದೆ. ರಟ್ಟಿನ ಪೆಟ್ಟಿಗೆಗಳನ್ನೆಲ್ಲ ತೆಗೆದು, ಪೊಟ್ಟಣಗಳ ಗಾಳಿ ಹೊರಹಾಕಿ, ಕೊನೆಯ ದಿನದ್ದನ್ನು ತಳಕ್ಕೆ ಹಾಕಿ. ಹೆಚ್ಚಿನವರು ಎಡವುವುದು ಮೊದಲ ರಾತ್ರಿಯೇ. ಊಟದ ಲೆಕ್ಕ ಹಾಕಿರುತ್ತಾರೆ, ಟೂತ್‌ಪೇಸ್ಟ್, ಸೋಪು, ಸನ್‌ಸ್ಕ್ರೀನ್, ತುಟಿಗೆ ಹಚ್ಚುವ ಮುಲಾಮು, ಕಸದ ಚೀಲ ಇವುಗಳ ಲೆಕ್ಕ ಬಿಟ್ಟಿರುತ್ತಾರೆ. ವಾಸನೆ ಇರುವುದೆಲ್ಲ ಕರಡಿಗೆ ಆಹಾರವೇ. ಜಾಗ ಸಾಲದೆ ಒಂದು ಪೊಟ್ಟಣ ಟೆಂಟಿನೊಳಗೆ ಉಳಿದರೂ ಡಬ್ಬಿ ಹೊತ್ತದ್ದು ವ್ಯರ್ಥ. ವಾಸನೆ ತಡೆಯುವ ಪ್ಲಾಸ್ಟಿಕ್ ಚೀಲಗಳನ್ನು ಡಬ್ಬಿಯೊಳಗೆ ಬಳಸಬಹುದು, ಡಬ್ಬಿಗೆ ಬದಲಾಗಿ ಅಲ್ಲ.

ಡಬ್ಬಿಯನ್ನು ಟೆಂಟಿನಿಂದ 70ರಿಂದ 100 ಮೀಟರ್ ದೂರದಲ್ಲಿ ಸಮತಟ್ಟಾದ ನೆಲದ ಮೇಲಿಡಿ. ಅಡುಗೆಯ ಜಾಗವೂ ಟೆಂಟಿನಿಂದ ಅಷ್ಟೇ ದೂರವಿರಲಿ. ನುಣುಪಾದ ದುಂಡು ಡಬ್ಬಿ ಕರಡಿಯ ಬಾಯಿಗೆ ಸಿಗದೆ ಜಾರುತ್ತದೆ, ಆಗ ಅದು ಪಂಜದಿಂದ ಉರುಳಿಸಿ ನೋಡುತ್ತದೆ. ಆದ್ದರಿಂದ ಕೊರಕಲು, ಹೊಳೆಯ ದಂಡೆ ಬೇಡ. ಉರುಳದಿರಲಿ ಎಂದು ಹಗ್ಗ ಕಟ್ಟಿದರೆ ಹೊತ್ತೊಯ್ಯಲು ಹಿಡಿಕೆ ಕೊಟ್ಟಂತೆ. ಮುಚ್ಚಳದ ತಿರುಪಿನಲ್ಲಿ ಮರಳಿನ ಕಣ ಸಿಕ್ಕಿದ್ದರೆ ಪೂರ್ತಿ ಕೂರದು, ಒರೆಸಿ ತಿರುಗಿಸಿ. ಹತ್ತು ನಿಮಿಷ ಆಚೆ ಹೋಗುವಾಗಲೂ ಮುಚ್ಚಳ ಬಿಗಿದಿರಲಿ.

ಡಬ್ಬಿಯಿದ್ದ ಮಾತ್ರಕ್ಕೆ ನಿಶ್ಚಿಂತೆಯಲ್ಲ. ನ್ಯೂಯಾರ್ಕ್ ರಾಜ್ಯದ ಅಡಿರಾಂಡಕ್ ಬೆಟ್ಟಗಳಲ್ಲಿ ಎರಡೂ ಕಿವಿಗೆ ಹಳದಿ ಗುರುತುಪಟ್ಟಿ ಇದ್ದ ‘ಯೆಲ್ಲೋ-ಯೆಲ್ಲೋ’ ಎಂಬ ಹೆಣ್ಣು ಕರಡಿ, ತಿರುಪು ಮುಚ್ಚಳವನ್ನು ತಡೆದು ನಿಲ್ಲಿಸುವ ಪ್ಲಾಸ್ಟಿಕ್ ಉಬ್ಬನ್ನು ಹಲ್ಲಿನಿಂದ ಒತ್ತಿ ಡಬ್ಬಿ ತೆರೆಯುವುದನ್ನು ಕಲಿತುಬಿಟ್ಟಿತ್ತು. 2012ರಲ್ಲಿ ಬೇಟೆಗಾರನೊಬ್ಬನ ಗುಂಡಿಗೆ ಬಲಿಯಾಯಿತು. ಹೋಗುವ ಕಾಡಿನಲ್ಲಿ ಯಾವ ಡಬ್ಬಿಗೆ ಮಾನ್ಯತೆ ಇದೆಯೆಂದು ಅಲ್ಲಿನ ರೇಂಜರ್ ಕಚೇರಿಯಲ್ಲಿ ಕೇಳಿಯೇ ಕೊಳ್ಳಬೇಕು. ಕರಡಿ ಹರಿಯಲಾಗದ ನಾರಿನ ಚೀಲಗಳೂ ಇವೆ. ಆದರೆ ಕರಡಿ ಕಚ್ಚಿ ಜಗಿದರೆ ಒಳಗಿನ ಆಹಾರ ಹಿಟ್ಟಾಗಬಹುದು, ಯೊಸೆಮಿಟಿಯಂಥ ಕಡೆ ಅವು ನಡೆಯುವುದೂ ಇಲ್ಲ.

ಇಷ್ಟೆಲ್ಲ ಎಚ್ಚರ ನಮ್ಮ ಜೀವಕ್ಕಾಗಿ ಮಾತ್ರವಲ್ಲ. ಚಳಿಗಾಲದ ನಿದ್ದೆಗೆ ಮುನ್ನ ದಿನಕ್ಕೆ 20,000 ಕ್ಯಾಲೊರಿವರೆಗೂ ತಿನ್ನಬಲ್ಲ ಪ್ರಾಣಿಗೆ ಚಾರಣಿಗರ ಚೀಲದ ರುಚಿ ಹತ್ತಿದರೆ ಬಿಡುವುದಿಲ್ಲ. ಮತ್ತೆ ಮತ್ತೆ ಬರುತ್ತದೆ, ಭಯ ಕಳೆದುಕೊಳ್ಳುತ್ತದೆ, ಎಷ್ಟೋ ಸಲ ಕಡೆಗೆ ಅಧಿಕಾರಿಗಳೇ ಅದನ್ನು ಕೊಲ್ಲಬೇಕಾಗುತ್ತದೆ. ತಪ್ಪು ಯಾರದು, ಸಾಯುವವರು ಯಾರು?

ಪತ್ರಿಕೆಯ ಪ್ರವಾಸ ಪುಟದಲ್ಲಿ ಮುಂದೆ ಈ ವಿಷಯ ಬಂದಾಗ ಎತ್ತರ, ದೂರದ ಅಂಕಿಗಳನ್ನೂ ಡಬ್ಬಿ ಕಡ್ಡಾಯವಿರುವ ಕಾಡುಗಳ ಹೆಸರನ್ನೂ ಜೊತೆಗೇ ಅಚ್ಚು ಹಾಕಬೇಕೆಂದು ವಿನಂತಿ.

— ಒಬ್ಬ ಚಾರಣಪ್ರಿಯ ಓದುಗ